ಸಿಂಪಿಗ ಹಕ್ಕಿ ಮತ್ತು ಹಸಿರು ಸೀರೆ

ಕಡಗಂಚಿಯ ಆ ಓಣಿಗೆ ಇನ್ನೂ ಹಾಲಿನವನು ಬಂದಿರಲಿಲ್ಲ. ಅಂಗಳ ಗುಡಿಸಿ ನೀರು ಹೊಡೆದ ಶಿವಕಾಂತಾ, ಕುಡಗೋಲು ಹಿಡಿದು ಹಿತ್ತಿಲಿಗೆ ಬಂದಳು. ಕಾಯಿ ಬಿಡುವುದನ್ನು ನಿಲ್ಲಿಸಿದ ಮುದಿ ಬದನೆ ಗಿಡ ಕಡಿದು, ಅಲ್ಲಿ ಮೆಂತ್ಯ ಹಾಕಬೇಕಿತ್ತು.

ಕುಡಗೋಲು ಎತ್ತಿದ್ದೇ ತಡ...

"ಏ ತಡೀರಿ, ತಡೀರಿ! ಕಡೀಬ್ಯಾಡ್ರಿ!"

ಪಕ್ಕದ ಮನೆಯ ಗೋಡೆಯ ಮೇಲೆ ಒಂದು ತಲೆ. ಅರ್ಧ ಮುಖಕ್ಕೆ ಶೇವಿಂಗ್ ನೊರೆ!

"ಯಾರ್ರಿ ನೀವು? ನನ್ನ ಗಿಡ ನಾ ಕಡದ್ರ ನಿಮಗೇನ್ರಿ ತ್ರಾಸ?"

"ನಾ ಕಲ್ಯಾಣಕುಮಾರ್ರಿ. ಹೈಸ್ಕೂಲಿಗಿ ಹೊಸಾ ಸೈನ್ಸ್ ಮಾಸ್ತರ. ನಿನ್ನೀನೇ ಈ ಮನಿಗಿ ಬಂದೀನಿ. ಆ ಅಗಲ ಎಲಿ ಎತ್ತಿ ನೋಡ್ರಿ... ಸಾವಕಾಶ!"

ನೋಡಿದಳು. ಎರಡು ಎಲೆಗಳ ಅಂಚು ಕೂಡಿಸಿ ಯಾರೋ ಹೊಲಿದಿದ್ದರು! ಒಳಗೆ ಹತ್ತಿಯ ಮೆತ್ತೆ, ಅದರಲ್ಲಿ ಬಾರಿಹಣ್ಣಿನಷ್ಟು ಸಣ್ಣ ಮೂರು ತತ್ತಿ. ಹೊಲಿಗೆಯ ನಡುವೆ ಒಂದೆಳೆ ಗುಲಾಬಿ ದಾರ... ಹೋದ ವಾರ ಗಿರಾಕಿ ಅಮೀರುನ್ನಿಸಾಳ ಕುಪ್ಪಸ ಹೊಲಿಯಲು ತಾನೇ ಹಾಕಿದ ದಾರ!

"ಸಿಂಪಿಗ ಹಕ್ಕಿ ಅಂತಾರ್ರಿ ಇದಕ್ಕ. ಕೊಕ್ಕಿಲೆ ತೂತು ಹೊಡದು ಎಲಿ ಹೊಲೀತದ."

"ನನ್ನ ದಾರ ಕದ್ದು, ನನ್ನ ಗಿಡದಾಗ, ನನಗ ಒಂದ್ ಮಾತ ಕೇಳ್ದೆ ಅಂಗಡಿ ಇಟ್ಟಾದೇನ್ರಿ?"

ಅವನು ನಕ್ಕ. ನೊರೆ ಮೂಗಿಗೆ ಹತ್ತಿತು. ಅವಳೂ ನಕ್ಕಳು. ಎಷ್ಟು ದಿನವಾಗಿತ್ತು ಹೀಗೆ ನಕ್ಕು!

ಗಂಡ ತೀರಿಕೊಂಡು ಐದು ವರ್ಷ. ಏಳು ವರ್ಷದ ಮಗಳು ಸೃಷ್ಟಿ, ಒಂದು ಹೊಲಿಗೆ ಮಷಿನ್... ಇಷ್ಟೇ ಅವಳ ಲೋಕ. ಈಗ ಅದಕ್ಕೆ ಗೋಡೆಯ ಮೇಲಿನ ತಲೆಯೂ ಸೇರಿಕೊಂಡಿತು.

ದಿನಾ ಮುಂಜಾನೆ ಆಚೆ ಮಾಸ್ತರ ಸ್ಟೂಲಿನ ಮೇಲೆ, ಈಚೆ ಸೃಷ್ಟಿ ಬೋರಲು ಹಾಕಿದ ಬಕೆಟ್ಟಿನ ಮೇಲೆ. ಹಕ್ಕಿ ಬಾಲ ನಿಮಿರಿಸಿ 'ಟುವಿ ಟುವಿ' ಎಂದರೆ ಇಬ್ಬರೂ ಉಸಿರು ಹಿಡಿಯುವರು. ಚಹಾ ಕೊಡುವ ನೆಪದಲ್ಲಿ ಶಿವಕಾಂತಾಳೂ ಬಂದು ನಿಲ್ಲುವಳು. ನೋಡುವುದು ಗೂಡನ್ನೋ, ಗೋಡೆಯನ್ನೋ... ಅವಳಿಗೇ ಗೊತ್ತು.

ಮರಿ ಹೊರಬಂದ ದಿನ ಮಾಸ್ತರ ಮುಂಬಾಗಿಲಿಗೇ ಬಂದ. ಕೈಯಲ್ಲಿ ಹಸಿರು ಇಳಕಲ್ ಸೀರೆ, ಹಣೆಯ ತುಂಬ ಬೆವರು.

"ಅಫಜಲಪುರದಿಂದ ನಮ್ಮವ್ವ ಕಳಿಸ್ಯಾಳ್ರಿ... ಇದು... ನೀವು..."

"ಇನ್ನೊಂದ್ ಕುಪ್ಪಸ ಆಯ್ತೇನವಾ ಶಿವಕಾಂತಾ?" ಎಂದು ಅಮೀರುನ್ನಿಸಾ ಒಳಗೆ ಬಂದಳು. ಮಾಸ್ತರ ಸೀರೆಯನ್ನು ಮಷಿನ್ ಮೇಲಿಟ್ಟು ಓಡಿಯೇಬಿಟ್ಟ!

ಅವನ ತಾಯಿ ಹಣಮವ್ವ ಹೇಳಿ ಕಳಿಸಿದ್ದು ಇಷ್ಟು: "ಉಡಿಕಿ ಅಂದ್ರ ಮೊದಲ ಸೀರಿ ಕೊಡಬೇಕಪಾ. ಇಟ್ಕೊಂಡ್ರ ಒಪ್ಪಿದಂಗ. ಹೊಳ್ಳಿ ಬಂದ್ರ ಒಲ್ಲೆ ಅಂದಂಗ." ಗಂಡನನ್ನು ಕಳೆದುಕೊಂಡವಳು ಮತ್ತೆ ಆಗುವ ಮದುವೆಗೆ ಆ ಕಡೆ ಉಡಿಕಿ ಎನ್ನುತ್ತಾರೆ. ಆದರೆ ಮನೆಗೆ ಬರುವ ಸೀರೆಯೆಲ್ಲ ಫಾಲ್ ಹಚ್ಚಲಿಕ್ಕೇ ಬರುವಾಗ, ಶಿವಕಾಂತಾಳಿಗೆ ಅದು ಹೊಳೆಯುವುದಾದರೂ ಹೇಗೆ?

'ಮಾಸ್ತರಗ ಹೆಣ್ಣು ಗೊತ್ತಾಗ್ಯಾದ ಅಂತ ಕಾಣ್ತದ... ಆಗ್ಲಿ. ನಿನಗ್ಯಾಕ ಬೇ ಹೊಟ್ಟಿ ಉರಿ?' ಎಂದು ತನ್ನನ್ನೇ ಬೈದುಕೊಂಡಳು. ಆದರೂ ಎಂದೂ ಹಾಕದಷ್ಟು ಸಣ್ಣ ಹೊಲಿಗೆ ಹಾಕಿ ಫಾಲ್ ಹಚ್ಚಿದಳು.

"ಯವ್ವಾ, ಈ ಸೀರಿ ಯಾರಿಗಿ? ಸರ್‌ಗ ಕೇಳ್ಲಿ?"

"ಬಾಯಿ ಮುಚ್ಚು. ಗಿರಾಕಿ ಮನಿ ಮಾತು ನಮಗ್ಯಾಕ? ಸುಮ್ಕ ಕೊಟ್ಟು ಬಾ."

ಸೃಷ್ಟಿ ಸುಮ್ಮನೆ ಕೊಟ್ಟು ಬಂದಳು. ಹೊಳ್ಳಿ ಬಂದ ಸೀರೆಯ ಮಡಿಕೆ ಬಿಚ್ಚುವ ಧೈರ್ಯವಿಲ್ಲದೆ ಮಾಸ್ತರ ಅದನ್ನು ಹಾಗೆಯೇ ಟ್ರಂಕಿಗೆ ಸೇರಿಸಿದ.

ಮರುದಿನ ಗೋಡೆಯ ಮೇಲೆ ತಲೆ ಇಲ್ಲ. ಅದರ ಮರುದಿನವೂ ಇಲ್ಲ. ಇತ್ತ ಶಿವಕಾಂತಾಳ ಅನ್ನ ಸೀದಿತು, ಕುಪ್ಪಸದ ಎಡತೋಳು ಬಲಕ್ಕೆ ಹೋಯಿತು.

ಹನ್ನೆರಡನೆಯ ದಿನ ಸೃಷ್ಟಿಯೇ ಬಕೆಟ್ ಹತ್ತಿ ಕೂಗಿದಳು.

"ಸರ್! ಮರಿ ಹಾರಾಕತ್ತಾವ್ರಿ! ಲಗೂ ಬರ್ರಿ!"

ತಡೆಯಲಾರದೆ ಬಂದ. ಗೋಡೆ ಹತ್ತಿ ಕೂತ. ಒಂದು ಮರಿ ಹಾರಿತು. ಇನ್ನೊಂದು ಹಾರಿತು. ಮೂರನೆಯದು ಎಲೆಯ ಅಂಚಿನಲ್ಲಿ ಅಂಜುತ್ತ ಕುಳಿತಿತ್ತು.

"ಯಡ್ರಾಮಿ ಸಾಲಿಗಿ ವರ್ಗ ಆಗಿ ಹೋಗ್ತೀಯೇನು ಅಂತ ಮ್ಯಾಲಿನವ್ರು ಕೇಳ್ಯಾರ್ರಿ," ಎಂದ ಅವಳತ್ತ ನೋಡದೆ. "ಇವತ್ತ ಹೂಂ ಅಂತೇನಿ. ಇಲ್ಲಿ ಇನ್ನ ನೋಡಾಕ ಏನ್ ಉಳೀತು?"

'ಹೋಗಬ್ಯಾಡ್ರಿ' ಎಂಬ ಒಂದು ಮಾತು... ಶಿವಕಾಂತಾಳ ಗಂಟಲಲ್ಲೇ ಸಿಕ್ಕಿಕೊಂಡಿತು.

ಆದರೆ ಸೃಷ್ಟಿಯ ಗಂಟಲಲ್ಲಿ ಏನೂ ಸಿಕ್ಕಿರಲಿಲ್ಲ.

"ಸರ್... ಆ ಹಸರ ಸೀರಿ ಯಾರಿಗಿ ತಂದಿದ್ರಿ?"

"ಸೃಷ್ಟೀ!"

ಮಾಸ್ತರ ತಲೆ ತಗ್ಗಿಸಿದ. "ನಿಮ್ಮವ್ವಗ. ಉಡಿಕಿ ಕೇಳಾಕ. ನಿಮ್ಮವ್ವ ಹೊಳ್ಳಿ ಕಳಿಸಿದ್ಳಲ್ಲವಾ..."

"ಅಯ್ಯ ಶಿವನ!" ಶಿವಕಾಂತಾ ಹಣೆ ಬಡಿದುಕೊಂಡಳು. "ನಾ ಫಾಲ್ ಹಚ್ಚಾಕ ಕೊಟ್ಟೀರಿ ಅನ್ಕೊಂಡೇನ್ರಿ!"

"ಫಾಲ್?"

"ಹೂಂ... ಪಿಕೋ ಸೈತ ಮಾಡೀನಿ!"

ಅವನು ಗೋಡೆಯಿಂದ ಬೀಳುವ ಹಾಗೆ ನಕ್ಕ. ನಗುತ್ತಲೇ ಅವನ ಕಣ್ಣು ತುಂಬಿತು. ಮೂರನೆಯ ಮರಿ ಯಾವಾಗ ಹಾರಿತೋ, ಮೂವರಲ್ಲಿ ಒಬ್ಬರೂ ನೋಡಲಿಲ್ಲ.

"ಹಂಗಾರ... ಮತ್ತ ತರ್ಲೇನ್ರಿ?"

ಶಿವಕಾಂತಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ತರ್ರಿ. ಬಾಗಿಲಿಲೆ ಬರ್ರಿ ಮತ್ತ... ಗ್ವಾಡಿ ಮ್ಯಾಲಿಂದ ಬ್ಯಾಡ."