ಗುಡಿಯ ಮೇಲಿನ ದಾರಿ

ಸಾವಂತ್ರಮ್ಮ ಬಾಗಿಲಲ್ಲೇ ಕೂತುಬಿಟ್ಟಳು. ಒಳಗೆ ಬಾ ಎಂದರೂ ಬರಲಿಲ್ಲ, ನೀರು ಕೊಟ್ಟರೂ ಮುಟ್ಟಲಿಲ್ಲ.

"ನನ್ನ ಮಗಳು ಕಳ್ಳಿ ಅಲ್ಲ ಅಮ್ಮಾರೆ. ಅಷ್ಟು ಹೇಳಿಬಿಡ್ರಿ. ಆಮ್ಯಾಲೆ ನೀರು ಕುಡೀತೀನಿ."

"ನಾನು ಹೇಳಿದ್ರೆ ಆಗಂಗಿಲ್ಲ, ತೋರಿಸ್ಬೇಕು," ಎಂದರು ಕಸ್ತೂರಮ್ಮ. "ಮೊದ್ಲಿಂದ ಹೇಳು."

ಜಗಲಿಯ ಮೂಲೆಯಲ್ಲಿ ದಾಸಪ್ಪ ಹರಿದ ಪಠ್ಯಪುಸ್ತಕವೊಂದಕ್ಕೆ ಬೆನ್ನು ಅಂಟಿಸುತ್ತ ಕೂತಿದ್ದ. ಕಸ್ತೂರಮ್ಮ ಹೊನ್ನಾಳಿಯ ಗ್ರಂಥಾಲಯದಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದವರು. ಆ ಮೂವತ್ತೊಂದು ವರ್ಷವೂ ಅಲ್ಲಿಯ ಪುಸ್ತಕಗಳಿಗೆ ರಟ್ಟು ಕಟ್ಟಿದವನು ದಾಸಪ್ಪ. ಅವರು ನಿವೃತ್ತರಾದ ಮೇಲೆ ಗೋಂದಿನ ಡಬ್ಬಿ ಹಿಡಿದು ಅವರ ಜಗಲಿಗೇ ಬಂದುಬಿಟ್ಟಿದ್ದ. ಕಳೆದುಹೋದ ಪುಸ್ತಕ ಹುಡುಕುತ್ತ ಹುಡುಕುತ್ತ ಕಸ್ತೂರಮ್ಮನವರಿಗೆ ಮನುಷ್ಯರನ್ನು ಓದುವ ಅಭ್ಯಾಸ ಬಂದಿತ್ತು. ಊರಿನಲ್ಲಿ ಏನಾದರೂ ಕಾಣೆಯಾದರೆ ಜನ ಸ್ಟೇಷನ್ನಿಗಿಂತ ಮೊದಲು ಈ ಜಗಲಿಗೆ ಬರುತ್ತಿದ್ದರು.

ಸಾವಂತ್ರಮ್ಮ ಹೇಳಿದ್ದು ಇಷ್ಟು. ಅವಳ ಮಗಳು ಸುಚಿತ್ರಾ ಹೈಸ್ಕೂಲಿನ ಇತಿಹಾಸದ ಮೇಷ್ಟ್ರು ಮಹಾಂತೇಶರ ಮನೆಯಲ್ಲಿ ಅಡುಗೆ ಮಾಡುತ್ತಾಳೆ. ಮೇಷ್ಟ್ರ ಮನೆಯಲ್ಲಿ ಮುತ್ತಜ್ಜನ ಕಾಲದ ಕಾವ್ಯದ ಹಸ್ತಪ್ರತಿಯೊಂದಿದೆ. ಶನಿವಾರ ಮೇಷ್ಟ್ರು ಶಾಲೆಯ ಮಕ್ಕಳನ್ನು ಸೂರಗೊಂಡನಕೊಪ್ಪಕ್ಕೆ ಕರೆದುಕೊಂಡು ಹೋಗಿದ್ದರು. ಸಂಜೆ ಬಂದು ನೋಡಿದರೆ ಹಸ್ತಪ್ರತಿ ಇಲ್ಲ. ಬೀಗ ಮುರಿದಿಲ್ಲ. ಇನ್ನೊಂದು ಕೀಲಿ ಇದ್ದದ್ದು ಸುಚಿತ್ರಾಳ ಹತ್ತಿರ.

"ನಾಳೆ ನ್ಯಾಮತಿ ಹಾಸ್ಟೆಲ್ಲಿಗೆ ಅಡುಗೆ ಕೆಲಸಕ್ಕೆ ಸೇರಬೇಕು ಅಮ್ಮಾರೆ. ಎರಡು ವರ್ಷ ಅಲೆದು ಸಿಕ್ಕಿದ್ದು. ಕಳ್ಳತನದ ದೂರು ಇದ್ರೆ ತಗಳ್ಳಲ್ಲ ಅಂತ ವಾರ್ಡನ್ ಹೇಳ್ಯಾರೆ. ಮೇಷ್ಟ್ರ ಚಿಕ್ಕಪ್ಪನ ಮಗ ಇವತ್ತು ಸಂಜೆ ದೂರು ಬರಕೊಡ್ತೀನಿ ಅಂತ ಕುಂತಾನೆ."

ಗೋಂದಿನ ಕಡ್ಡಿ ದಾಸಪ್ಪನ ಕೈಯಲ್ಲೇ ನಿಂತಿತು. ಆ ಹಸ್ತಪ್ರತಿ ಅವನಿಗೆ ಗೊತ್ತು. ಪ್ರತಿ ಶ್ರಾವಣದಲ್ಲೂ ಮೇಷ್ಟ್ರ ಪಕ್ಕದ ಮನೆಯ ಮರುಳಪ್ಪಜ್ಜ ಅದನ್ನು ಮುಂದಿಟ್ಟುಕೊಂಡು ಓಣಿಯ ಕಟ್ಟೆಯ ಮೇಲೆ ವಾಚನ ಮಾಡುತ್ತಿದ್ದರು. ನಲವತ್ತು ವರ್ಷದಿಂದ ಮೈಕಿಲ್ಲದ ಓದು. ದಾಸಪ್ಪ ಯಾವಾಗಲೂ ಎಲ್ಲರಿಗಿಂತ ಹಿಂದೆ, ನಲ್ಲಿಯ ಪಕ್ಕ ಕೂರುತ್ತಿದ್ದ. ದನಿ ಅಲ್ಲಿಗೆ ಮುಟ್ಟದಿದ್ದರೆ ಸುಮ್ಮನೆ ಕೈಯೆತ್ತುತ್ತಿದ್ದ. ಅಜ್ಜ ಅದನ್ನು ನೋಡಿ ದನಿ ಏರಿಸುತ್ತಿದ್ದರು. ಇಬ್ಬರ ನಡುವೆ ಮಾತಿಗಿಂತ ಹೆಚ್ಚಾಗಿ ಇದ್ದದ್ದು ಇದೇ ವ್ಯವಹಾರ.

"ಏಳು ದಾಸಪ್ಪ," ಎಂದರು ಕಸ್ತೂರಮ್ಮ, ಕನ್ನಡಕ ಒರೆಸಿಕೊಳ್ಳುತ್ತ.

ಮೇಷ್ಟ್ರ ಮನೆಯಲ್ಲಿ ಬಾಗಿಲು ತೆರೆದ ಮಹಾಂತೇಶರಿಗೆ ನಲವತ್ತೈದಿರಬಹುದು. ಒಂಟಿ ಜೀವ. ಮೂರು ದಿನದಿಂದ ನಿದ್ದೆಯಿಲ್ಲದವರ ಹಾಗೆ ಕಾಣುತ್ತಿದ್ದರು. ಚಿಕ್ಕಪ್ಪನ ಮಗ ಸತೀಶ್ ಕುಮಾರ್ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದ. ಹಳೆಯ ಹಸ್ತಪ್ರತಿಗಳನ್ನು ಸಂಗ್ರಹಿಸುವ ಸಂಸ್ಥೆಯೊಂದರಲ್ಲಿ ಅವನಿಗೆ ಕೆಲಸ. ಆ ಪುಸ್ತಕವನ್ನು ಸೋಮವಾರ ಅಲ್ಲಿಗೆ ಒಯ್ಯಲೆಂದೇ ಬಂದಿದ್ದ.

"ಸುಚಿತ್ರಾ ಅಂಥವಳಲ್ಲ ಮೇಡಂ," ಎಂದರು ಮಹಾಂತೇಶ. "ಆದ್ರೆ ಬೇರೆ ಯಾರು ಅಂತ ಹೇಳಾಕೆ ಬಾಯಿ ಬರ್ತಿಲ್ಲ."

"ಅಣ್ಣಂದು ಮೆತ್ತನೆ ಮನಸ್ಸು," ಎಂದ ಸತೀಶ. "ಕೀಲಿ ಅವಳ ಹತ್ರ ಐತೆ. ಇನ್ನೇನು ಬೇಕ್ರಿ?"

ಒಲೆಯ ಮುಂದೆ ನಿಂತಿದ್ದ ಸುಚಿತ್ರಾ ತಿರುಗಿದಳು. "ಹಿಂದಿನ ಬಾಗಿಲ ಚಿಲಕ ಚಾಕು ತೂರಿಸಿದ್ರೆ ಏಳ್ತೈತೆ. ಅದು ಓಣಿಗೆಲ್ಲ ಗೊತ್ತು. ನಿಮಗೊಬ್ರಿಗೆ ಗೊತ್ತಿಲ್ಲ ನೋಡ್ರಿ."

ಕಸ್ತೂರಮ್ಮ ಆಗಲೇ ಓದುವ ಕೋಣೆಗೆ ಹೋಗಿದ್ದರು. ಗೋಡೆಗೆ ಎತ್ತರದಲ್ಲೊಂದು ಹಲಗೆ, ಅದರ ಕೆಳಗೆ ಮೇಜು. ಮೇಜಿನ ತುಂಬ ಕೈಯಿಂದ ಬರೆದು ಬಣ್ಣ ತುಂಬಿದ ಕಾರ್ಡುಗಳು ಐದು ಸಾಲಾಗಿ ಹರಡಿದ್ದವು. ಒಂದು ಬದಿಯಲ್ಲಿ ಲೆಕ್ಕಕ್ಕಿಟ್ಟ ಹುಣಸೆ ಬೀಜಗಳು, ಇನ್ನೊಂದು ಬದಿಯಲ್ಲಿ ಮಗುಚಿಟ್ಟ ಒಂದು ಕಟ್ಟು.

"ಇದೇನ್ರಿ ಮೇಷ್ಟ್ರೆ?"

ಮಹಾಂತೇಶರ ಮುಖದಲ್ಲಿ ಮೂರು ದಿನದಲ್ಲಿ ಮೊದಲ ಬಾರಿ ಸ್ವಲ್ಪ ಬೆಳಕು ಬಂತು. "ನಾನೇ ಮಾಡಿದ ಆಟ. ಒಂದು ನಾಗರಿಕತೆ ಕಟ್ಟೋದು. ಬೆಂಕಿಯಿಂದ ಶುರು. ಆಮೇಲೆ ನೇಗಿಲು, ಕೆರೆ, ಗುಡಿ, ದಾರಿ, ಅಕ್ಷರ, ಎಲ್ಲ ಸೇರಿ ಐದು ಯುಗ. ಒಬ್ನೇ ಆಡ್ತೀನಿ. ಒಂದಾಟಕ್ಕೆ ಒಂದು ವಾರ."

"ಎದುರಾಳಿ?"

"ಆ ಕಟ್ಟು. ಅದಕ್ಕೆ ಕಾಲ ಅಂತ ಹೆಸರು. ನಾನೊಂದು ಕಾರ್ಡ್ ಇಟ್ಟ ಮೇಲೆ ಕಾಲದ ಕಾರ್ಡ್ ಒಂದು ತಿರುಗಿಸ್ತೀನಿ. ಬರ ಬರಬಹುದು, ಪ್ರವಾಹ ಬರಬಹುದು, ಸುಮ್ನೆ ಒಂದು ಒಳ್ಳೆ ಮಳೆನೂ ಬರಬಹುದು. ಒಬ್ನೇ ಆಡ್ತೀಯಲ್ಲ ಅಂತ ಜನ ನಗ್ತಾರೆ. ಎದುರಿಗೆ ಕಾಲನೇ ಕುಂತಿರುವಾಗ ಒಬ್ನೇ ಹೆಂಗಾಗ್ತೀನಿ ಮೇಡಂ?"

ಈ ಮಾತು ದಾಸಪ್ಪನಿಗೆ ಹಿಡಿಸಿತು. ಕಾವ್ಯ ಕೇಳುವಾಗ ತನಗೂ ಹಾಗೇ ಅನ್ನಿಸುತ್ತದೆ ಎಂದುಕೊಂಡ.

"ಸೇರ್ತೀನಿ ಅಂದ್ರೆ ಯಾರನ್ನೂ ಸೇರಿಸಲ್ಲ," ಎಂದಳು ಬಾಗಿಲಲ್ಲಿ ನಿಂತ ಸುಚಿತ್ರಾ. "ನೋಡಾಕೆ ಮಾತ್ರ ಬಿಡ್ತಾರೆ. ನೋಡಿ ನೋಡಿ ನನಗೇ ಬಾಯಿಪಾಠ ಆಗೈತೆ."

"ಶುಕ್ರವಾರದಿಂದ ಈ ಮೇಜು ಯಾರಾದ್ರೂ ಮುಟ್ಟಿದ್ರಾ?"

"ಇಲ್ಲ," ಎಂದರು ಮೇಷ್ಟ್ರು. "ಶುಕ್ರವಾರ ರಾತ್ರಿ ಆಡಿ, ಪುಸ್ತಕದಾಗೆ ಬರೆದಿಟ್ಟು ಮಲಗಿದೆ. ಆಮೇಲೆ ಆಟದ ಕಡೆ ನೋಡಾಕೆ ಮನಸ್ಸೇ ಆಗಿಲ್ಲ."

ಕಸ್ತೂರಮ್ಮ ಆಟದ ದಾಖಲೆ ಪುಸ್ತಕ ತೆರೆದು ಕೊನೆಯ ಪುಟ ಓದಿದರು. 'ಹದಿನೇಳನೆಯ ಸರದಿ. ಮೂರನೇ ಸಾಲು: ಗುಡಿಯ ಮೇಲೆ ದಾರಿ. ಬೀಜ ಹನ್ನೆರಡು.' ಓದಿ ಮೇಜಿನ ಮೇಲಿನ ಬೀಜ ಎಣಿಸಿದರು. ಹನ್ನೊಂದು. ಸೆರಗು ಕಟ್ಟಿ ನೆಲಕ್ಕೆ ಬಗ್ಗಿದರು. ಹನ್ನೆರಡನೆಯದು ಮಂಚದ ಕಾಲಿನ ಹಿಂದೆ ಸಿಕ್ಕಿತು.

ಆಮೇಲೆ ಸ್ಟೂಲು ಹತ್ತಿ ಹಲಗೆ ನೋಡಿದರು. ಹಸ್ತಪ್ರತಿ ಇದ್ದ ಜಾಗದಲ್ಲಿ ಧೂಳಿಲ್ಲದ ಒಂದು ಚೌಕ. ಪಕ್ಕದಲ್ಲಿ ಧೂಳಿಲ್ಲದ ಇನ್ನೊಂದು ಉದ್ದನೆಯ ಗುರುತು. ಅದರ ಪಕ್ಕ ಮೇಷ್ಟ್ರ ಕ್ಯಾಮೆರಾ, ಧೂಳಿನ ಸಮೇತ.

"ಇಲ್ಲಿ ಉದ್ದಕ್ಕೆ ಏನಿತ್ತು?"

ಮೇಷ್ಟ್ರು ಬೆರಗಾದರು. "ವ್ಯಾಸಪೀಠ! ಓದುವಾಗ ಪುಸ್ತಕ ಇಡೋ ಮಡಚೋ ಪೀಠ. ಅದೂ ಹೋಗೈತೆ... ನಾನು ನೋಡೇ ಇಲ್ಲ."

"ಹಳೇ ಮರದ ಸಾಮಾನು, ಯಾರಿಗೆ ಬೇಕದು!" ಎಂದು ಸತೀಶ ಚಹಾದ ಲೋಟವನ್ನು ಮೇಜಿಗೆ ಕುಕ್ಕಿದ. ಲೋಟ ಕೂತದ್ದು ಕಾರ್ಡಿನ ಮೇಲೆ. ಅದರಲ್ಲಿದ್ದದ್ದು ಬಸವಣ್ಣನ ಚಿತ್ರ. ದಾಸಪ್ಪನ ಜೀವ ಚುರುಕ್ಕೆಂದಿತು. ಲೋಟ ಎತ್ತಿ ಕಿಟಕಿಯಲ್ಲಿಟ್ಟ.

"ದಾಸಪ್ಪ, ನನ್ನ ಫೋನಿನಾಗೆ ಮೇಜಿನ ಫೋಟೋ ತಗಿ. ಆಮೇಲೆ ಮೂರನೇ ಸಾಲು ಮಾತ್ರ ಜೋಡಿಸಿ ನನ್ನ ಕೈಗೆ ಕೊಡು."

ಫೋಟೋ ತೆಗೆದು ದಾಸಪ್ಪ ಮೂರನೇ ಸಾಲಿನ ಕಾರ್ಡುಗಳನ್ನು ಒಗ್ಗೂಡಿಸಿದ. ಒಳ್ಳೆಯ ರಟ್ಟು, ಮೈದಾ ಅಂಟು, ಚೊಕ್ಕ ಕೆಲಸ. ಎಲ್ಲಕ್ಕಿಂತ ಮೇಲಿದ್ದ ಗುಡಿಯ ಕಾರ್ಡಿನ ಹಿಂಬದಿಗೆ ಬೆಳ್ಳಗೆ ಏನೋ ಸವರಿತ್ತು.

"ಸೀಮೆಸುಣ್ಣ," ಎಂದ ದಾಸಪ್ಪ. "ಮೇಷ್ಟ್ರ ಕೈಯಲ್ವಾ."

ಕಸ್ತೂರಮ್ಮ ಅದನ್ನು ಬೆರಳಿಂದ ಉಜ್ಜಿ ಮೂಸಿದರು. "ಸೀಮೆಸುಣ್ಣ ತರಿತರಿ ಇರ್ತದೆ. ಇದು ನುಣ್ಣಗೈತೆ. ಮೇಷ್ಟ್ರೆ, ನೀವು ವಿಭೂತಿ ಹಚ್ಚಿಕೊಳ್ತೀರಾ?"

"ಅವ್ವ ಹೋದ ಮೇಲೆ ಬಿಟ್ಟುಬಿಟ್ಟೆ."

ಕಸ್ತೂರಮ್ಮ ದಾಸಪ್ಪನ ಕೈಯನ್ನೇ ನೋಡುತ್ತಿದ್ದರು. ದಾಸಪ್ಪನೂ ಕೆಳಗೆ ನೋಡಿದ. ಕಾರ್ಡುಗಳನ್ನು ಜೋಡಿಸುವಾಗ ಕಲೆಸಿಹೋಗಿದ್ದವು. ಅವನ ಕೈ ತಾನಾಗಿ ಗುಡಿಯ ಕಾರ್ಡನ್ನು ಹುಡುಕಿ, ಕಣ್ಣಿಗೊತ್ತಿಕೊಂಡು, ಮತ್ತೆ ಎಲ್ಲಕ್ಕಿಂತ ಮೇಲೆ ಇಟ್ಟಿತ್ತು. ಅವನಿಗೆ ಅದು ಗೊತ್ತೇ ಆಗಿರಲಿಲ್ಲ.

"ಸಂಜೆ ಐದಕ್ಕೆ ಎಲ್ಲರೂ ಇಲ್ಲೇ ಸೇರೋಣ," ಎಂದರು ಕಸ್ತೂರಮ್ಮ ಮೆಲ್ಲಗೆ. "ದೂರು ಬರೆಯೋದಿದ್ರೆ ಆಮೇಲೆ ಬರೀರಿ ಸತೀಶ. ಪಕ್ಕದ ಮನೆ ಮರುಳಪ್ಪಜ್ಜನ್ನೂ ಕರೀರಿ. ಹಿರಿಯರು ಒಬ್ರು ಇರ್ಲಿ."

ಅಜ್ಜನ ಹೆಸರು ಕೇಳಿ ದಾಸಪ್ಪ ಕೈಯಲ್ಲಿದ್ದ ಗುಡಿಯ ಕಾರ್ಡನ್ನು ಮತ್ತೆ ನೋಡಿದ.

ಐದು ಗಂಟೆಗೆ ಕೋಣೆಯಲ್ಲಿ ಎಲ್ಲರೂ ಸೇರಿದ್ದರು. ಮರುಳಪ್ಪಜ್ಜ ಹಣೆಯ ತುಂಬ ವಿಭೂತಿ ಧರಿಸಿ, ಶಲ್ಯ ಹೊದ್ದು, ಗೋಡೆಗೆ ಒರಗಿ ಕೂತಿದ್ದರು. ಬಾಗಿಲ ಹೊರಗೆ ಸಾವಂತ್ರಮ್ಮ.

ಕಸ್ತೂರಮ್ಮ ಮೇಜಿನ ಮೇಲೆ ಎರಡೇ ಕಾರ್ಡು ಇಟ್ಟರು. ಒಂದರಲ್ಲಿ ಗುಡಿ. ಇನ್ನೊಂದರಲ್ಲಿ ದಾರಿ, ಅದರ ಮೇಲೆ ಸಾಲಾಗಿ ಬರಿಗಾಲಿನ ಹೆಜ್ಜೆಗಳು.

"ಇದು ಮೇಷ್ಟ್ರ ಆಟದ ನಿಯಮ. ಒಂದು ಯುಗ ಮುಗಿದ್ರೆ ಹಳೆ ಕಾರ್ಡಿನ ಮೇಲೆ ಹೊಸ ಕಾರ್ಡು. ಗುಡಿಯ ಮೇಲೆ ದಾರಿ. ಒಬ್ಬೊಬ್ಬರೇ ಬಂದು ಇಟ್ಟು ಹೋಗ್ರಿ."

"ಇದೇನು ಮಕ್ಕಳಾಟ," ಎನ್ನುತ್ತ ಸತೀಶ ಒಂದು ಕೈಯಲ್ಲಿ ಫೋನು ಹಿಡಿದೇ ದಾರಿಯ ಕಾರ್ಡನ್ನು ಗುಡಿಯ ಮೇಲೆ ಎಸೆದ. ಗುಡಿ ಪೂರ್ತಿ ಮುಚ್ಚಿಹೋಯಿತು.

ಸುಚಿತ್ರಾ ಬಂದಳು. ದಾರಿಯ ಕಾರ್ಡನ್ನು ಒಂದು ಬೆರಳಷ್ಟು ಕೆಳಕ್ಕೆ ಸರಿಸಿ ಇಟ್ಟಳು. ಗುಡಿಯ ಶಿಖರ ಮಾತ್ರ ಮೇಲೆ ಕಾಣುತ್ತಿತ್ತು. "ಪೂರ್ತಿ ಮುಚ್ಚಬಾರದು. ಶಿಖರ ಕಂಡ್ರೆ ಅದರ ಫಲ ಉಳೀತದೆ. ಅಲ್ಲೇನ್ರಿ ಸರ್?"

ಮೇಷ್ಟ್ರು ತಲೆಯಾಡಿಸಿದರು.

"ಅಜ್ಜಾರೆ," ಎಂದರು ಕಸ್ತೂರಮ್ಮ.

ಮರುಳಪ್ಪಜ್ಜ ಎದ್ದು ಬಂದು ದಾರಿಯ ಕಾರ್ಡನ್ನು ಕೈಗೆತ್ತಿಕೊಂಡರು. ಅದರ ಮೇಲಿನ ಹೆಜ್ಜೆಗಳನ್ನು ನೋಡಿದರು. ಕೆಳಗಿನ ಗುಡಿಯನ್ನು ನೋಡಿದರು. ಕೈ ಗಾಳಿಯಲ್ಲೇ ನಿಂತಿತು. ಬಹಳ ಹೊತ್ತು ನಿಂತಿತು.

"ಆಟ ಅಷ್ಟೇ ಅಜ್ಜಾರೆ. ಇಡ್ರಿ."

"ಆಗಂಗಿಲ್ಲ ತಾಯಿ," ಎಂದರು ಮರುಳಪ್ಪಜ್ಜ. "ಆವತ್ತೂ ಆಗಲಿಲ್ಲ."

ಕಸ್ತೂರಮ್ಮ ಕುರ್ಚಿಯಲ್ಲಿ ಕೂತು, ಮಕ್ಕಳಿಗೆ ಲೆಕ್ಕ ಬಿಡಿಸುವವರ ಹಾಗೆ ನಿಧಾನವಾಗಿ ಹೇಳಿದರು.

"ಮೇಷ್ಟ್ರು ಶುಕ್ರವಾರ ಬರೆದಿದ್ದು ಗುಡಿಯ ಮೇಲೆ ದಾರಿ ಅಂತ. ಇವತ್ತು ನಾನು ನೋಡಿದಾಗ ದಾರಿಯ ಮೇಲೆ ಗುಡಿ ಇತ್ತು. ಒಂದು ಬೀಜ ಮಂಚದ ಹಿಂದೆ ಬಿದ್ದಿತ್ತು. ಅಂದ್ರೆ ಶನಿವಾರ ಯಾರೋ ಆ ಹಲಗೆಗೆ ಕೈ ಚಾಚಿದಾಗ ಕೆಳಗಿನ ಮೇಜಿಗೆ ಶಲ್ಯನೋ ಸೆರಗೋ ತಾಗಿ ಮೂರನೇ ಸಾಲಿನ ಎರಡು ಕಾರ್ಡು ನೆಲಕ್ಕೆ ಬಿದ್ವು. ಗೊತ್ತಾಗಬಾರದು ಅಂತ ಮತ್ತೆ ಜೋಡಿಸಿದ್ರು. ಜೋಡಿಸಿದವರು ಸುಚಿತ್ರಾ ಆಗಿದ್ರೆ ಸರಿಯಾಗೇ ಜೋಡಿಸ್ತಿದ್ಲು, ಅವಳಿಗೆ ಆಟ ಬಾಯಿಪಾಠ. ಸತೀಶ ಆಗಿದ್ರೆ ಯಾವುದು ಮೇಲೆ ಯಾವುದು ಕೆಳಗೆ ಅಂತ ಯೋಚನೆನೇ ಮಾಡ್ತಿರಲಿಲ್ಲ. ಬಸವಣ್ಣನ ಮೇಲೆ ಚಹಾ ಇಟ್ಟೋನು. ಐದು ಸಾಲಿನಾಗೆ ಗುಡಿ ಒಂದೇ ಮೇಲೆ ಬಂದಿತ್ತು, ಮಿಕ್ಕಿದ್ದೆಲ್ಲ ಇದ್ದಂಗೇ ಇತ್ತು. ಜೋಡಿಸಿದವರಿಗೆ ಆಟ ಗೊತ್ತಿರಲಿಲ್ಲ, ಭಕ್ತಿ ಗೊತ್ತಿತ್ತು. ನೆಲಕ್ಕೆ ಬಿದ್ದ ಗುಡಿನ ಹಣೆಗೊತ್ತಿಕೊಂಡ್ರು. ಹಣೆಯ ವಿಭೂತಿ ಅದಕ್ಕೆ ಅಂಟಿತು."

"ಭಕ್ತಿ ಇದ್ದೋರು ಓಣಿ ತುಂಬ ಅದಾರೆ," ಎಂದ ಸತೀಶ. ದನಿ ಮೊದಲಿನಷ್ಟು ಗಟ್ಟಿಯಿರಲಿಲ್ಲ.

"ಅದಾರೆ. ನಮ್ಮ ದಾಸಪ್ಪನೂ ಬೆಳಿಗ್ಗೆ ಹಂಗೇ ಮಾಡಿದ, ನನಗೆ ಹೊಳೆದದ್ದೇ ಆಗ. ಆದ್ರೆ ದಾಸಪ್ಪ ಶನಿವಾರವೆಲ್ಲ ನನ್ನ ಜಗಲಿ ಮೇಲೆ ಗೋಂದು ಕಲಸ್ತಾ ಇದ್ದ. ಮತ್ತೆ ಈ ಕಳ್ಳ ಕ್ಯಾಮೆರಾ ಮುಟ್ಟಿಲ್ಲ, ವ್ಯಾಸಪೀಠ ಒಯ್ದಾನೆ. ಮಾರೋನಿಗೆ ಪೀಠ ಯಾಕೆ? ಪೀಠ ಬೇಕಾಗಿದ್ದು ಓದೋನಿಗೆ. ಈ ಊರಿನಾಗೆ ಆ ಪುಸ್ತಕ ಓದೋರು ಒಬ್ರೇ."

ಮರುಳಪ್ಪಜ್ಜ ದಾರಿಯ ಕಾರ್ಡನ್ನು ಮೇಜಿನ ಅಂಚಿಗಿಟ್ಟರು. "ನಮ್ಮನೆ ದೇವರ ಕೋಣ್ಯಾಗೆ ಐತೆ. ಶ್ರಾವಣ ಹತ್ರ ಬಂತು. ಸಂಸ್ಥೆಗೆ ಕೊಟ್ರೆ ಗಾಜಿನ ಪೆಟ್ಟಿಗ್ಯಾಗೆ ಇಟ್ಟು ಬೀಗ ಹಾಕ್ತಾರೆ ಅಂದ್ರು. ದನಿ ಇಲ್ದಂಗೆ ಆಗ್ತೈತೆ ಅದು. ಒಂದು ಸಲ ಓದಿ ಕೊಟ್ಬಿಡೋಣ ಅಂದ್ಕೊಂಡೆ."

"ನನ್ನ ಕೇಳಬಹುದಿತ್ತಲ್ಲ ಅಜ್ಜ," ಎಂದರು ಮಹಾಂತೇಶ.

"ನೀನು ಕೊಡ್ತೀನಿ ಅಂತ ಮಾತು ಕೊಟ್ಟಿದ್ದೆ. ನಿನ್ನ ಮಾತು ಕೆಡಿಸು ಅಂತ ಹೆಂಗೆ ಕೇಳ್ಲಿ?"

ಸುಚಿತ್ರಾ ಮುಂದೆ ಬಂದಳು. ಅಳುತ್ತಿರಲಿಲ್ಲ. "ಪುಸ್ತಕದ ದನಿ ಹೋಗ್ತೈತೆ ಅಂತ ನಿಮಗೆ ಸಂಕಟ ಆತು. ಮೂರು ದಿನ ನಾನು ನಿಮ್ಮ ಕಟ್ಟೆ ಮುಂದೆ ತಲೆ ತಗ್ಗಿಸಿ ನೀರಿಗೆ ಹೋದೆ. ಹೆಂಗಸರು ಕೊಡ ಸರಿಸಿಕೊಂಡ್ರು. ನೀವು ಅಲ್ಲೇ ಕುಂತು ನೋಡಿದ್ರಿ. ನಿಮ್ಮ ದನಿ ಎಲ್ಲಿಗೆ ಹೋಗಿತ್ತಜ್ಜ?"

ಅಜ್ಜ ಕೈಮುಗಿಯಲು ಹೋದರು. ಅವಳು ತಡೆದಳು.

"ಇಲ್ಲಿ ಬ್ಯಾಡ. ಇಲ್ಲಿ ನನ್ನ ಕಳ್ಳಿ ಅಂದೋರು ಒಬ್ರೇ, ಓಣಿಯೆಲ್ಲ ಅಂದಿದ್ದು ಅಲ್ಲಿ. ಕಟ್ಟೆ ಮ್ಯಾಲೆ ಹೇಳ್ರಿ."

ಮರುಳಪ್ಪಜ್ಜ ಶಲ್ಯ ಸರಿಮಾಡಿಕೊಂಡು ಹೊರಗೆ ನಡೆದರು.

ನಲ್ಲಿಗೆ ನೀರು ಬಂದ ಹೊತ್ತು. ಓಣಿಯ ಹೆಂಗಸರೆಲ್ಲ ಕೊಡ ಹಿಡಿದು ನಿಂತಿದ್ದರು. ಅಜ್ಜ ಶ್ರಾವಣದಲ್ಲಿ ಕೂರುವ ಜಾಗದಲ್ಲೇ, ಕೂರದೆ ನಿಂತರು. ದಾಸಪ್ಪ ಅಭ್ಯಾಸಬಲದಿಂದ ಹಿಂದಕ್ಕೆ ಹೋಗಿ ನಲ್ಲಿಯ ಪಕ್ಕ ನಿಂತ. ಅಲ್ಲಿಂದ ಸಾವಂತ್ರಮ್ಮ ಕಾಣುತ್ತಿದ್ದಳು, ಮಗಳ ತೋಳು ಹಿಡಿದು ನಿಂತಿದ್ದಳು.

"ಮೇಷ್ಟ್ರ ಮನೆ ಪುಸ್ತಕ ತಗಂಡೋನು ನಾನು," ಎಂದರು ಮರುಳಪ್ಪಜ್ಜ. "ಆ ಹುಡುಗೀದು ತಪ್ಪಿಲ್ಲ."

ಕೊಡಕ್ಕೆ ಬೀಳುವ ನೀರಿನ ಸದ್ದಿನಲ್ಲಿ ಮಾತು ಅರ್ಧಕ್ಕೇ ನಿಂತುಹೋಯಿತು. ಮುಂದೆ ನಿಂತ ನಾಲ್ಕು ಜನ ಮಾತ್ರ ತಲೆಯೆತ್ತಿದ್ದರು. ಅಜ್ಜನ ಕಣ್ಣು, ನಲವತ್ತು ವರ್ಷದ ರೂಢಿಯಂತೆ, ಎಲ್ಲರನ್ನೂ ದಾಟಿ ದಾಸಪ್ಪನನ್ನು ಹುಡುಕಿತು.

ದಾಸಪ್ಪ ಆ ದನಿಯನ್ನು ಪೂಜೆಯಂತೆ ಕೇಳಿದವನು. ಸುಮ್ಮನಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಬಗ್ಗಿ ನಲ್ಲಿ ತಿರುಗಿಸಿ ನೀರು ನಿಲ್ಲಿಸಿದ. ಆಮೇಲೆ ಕೈಯೆತ್ತಿದ.

ಅಜ್ಜ ಉಸಿರು ತುಂಬಿಕೊಂಡು, ಓಣಿಯ ಕೊನೆಯ ಮನೆಗೂ ಕೇಳುವಂತೆ, ಮೊದಲಿನಿಂದ ಹೇಳಿದರು.