ಐವತ್ತು ಮೀಟರಿನ ಅಮಲು

"ನನಗೆ ಅಭ್ಯಾಸ ಆಗಿದೆ ಕಣೇ," ಎಂದು ಅವನು ಹೆಲ್ಮೆಟ್ ಎತ್ತಿಕೊಂಡು ನಕ್ಕ. ನಕ್ಕಾಗ ಕೆನ್ನೆಯಲ್ಲಿ ಬೀಳುವ ಗುಳಿಯನ್ನು ನೋಡಬಾರದೆಂದು ಅವಳು ಗಾಳಿಯ ಮೀಟರ್ ಕಡೆ ತಿರುಗಿದಳು.

ಅಣೆಕಟ್ಟಿನ ತಳದಲ್ಲಿ ಕೆಟ್ಟು ನಿಂತ ಕಬ್ಬಿಣದ ಬಾಗಿಲನ್ನು ಮೇಲೆತ್ತಬೇಕಿತ್ತು. ಮುಳುಗಿ ಹೋಗಿ ಕೊಂಡಿ ಹಾಕುವವನು ಅವನು. ದೋಣಿಯಲ್ಲಿ ಮೈಕ್ ಹಿಡಿದು ಅವನನ್ನು ಇಳಿಸಿ ಹತ್ತಿಸುವ ಸೂಪರ್‌ವೈಸರ್ ಅವಳು. ಕೊಂಡಿಯ ಹಗ್ಗ ಎಳೆಯುವ ವಿಂಚ್ ನಡೆಸುವುದು ಅವಳ ಚಿಕ್ಕಪ್ಪ.

ಐವತ್ತು ಮೀಟರ್ ಆಳದಲ್ಲಿ ಉಸಿರಾಡುವ ಗಾಳಿಯ ನೈಟ್ರೋಜನ್ನೇ ಹೆಂಡದ ಹಾಗೆ ತಲೆಗೇರುತ್ತದೆ. ಅಮಲೇರಿಸದ, ಹೀಲಿಯಂ ಬೆರೆಸಿದ ಗಾಳಿ ಬರುವವರೆಗೆ ಕಾಯೋಣ ಎಂದರೆ ಅವನು ಕಿವಿಗೇ ಹಾಕಿಕೊಳ್ಳಲಿಲ್ಲ. ಐವತ್ತು ಮೀಟರ್‌ವರೆಗೆ ಬರೀ ಗಾಳಿ ಸಾಕೆಂದು ನಿಯಮವೂ ಹೇಳುತ್ತಿತ್ತು. ತಡೆಯಲು ಅವಳ ಬಳಿ ಅಂಜಿಕೆ ಬಿಟ್ಟು ಬೇರೆ ಕಾರಣವಿರಲಿಲ್ಲ.

"ಮೊಸಳೆಗೆ ಈಜು ಕಲಿಸ್ತೀಯಾ ಮಗಳೇ?" ಚಿಕ್ಕಪ್ಪ ನಕ್ಕರು. ಮೊಸಳೆ ಎಂದೇ ಎಲ್ಲರೂ ಅವನನ್ನು ಕರೆಯುತ್ತಿದ್ದರು.

ಆ ಮೊಸಳೆ ನಿನ್ನೆ ಸಂಜೆ, ಹಗ್ಗ ಸುತ್ತುತ್ತಾ, ಕಿವಿ ಕೆಂಪಗೆ ಮಾಡಿಕೊಂಡು, "ನನ್ನ ಮದುವೆ ಆಗ್ತೀಯಾ?" ಎಂದು ಕೇಳಿತ್ತು. ಅವಳು ಇನ್ನೂ ಉತ್ತರ ಕೊಟ್ಟಿರಲಿಲ್ಲ. ಪ್ರೀತಿಯೇನೋ ಬೆಟ್ಟದಷ್ಟಿತ್ತು. ಆದರೆ ಯಾರ ಮಾತೂ ಕೇಳದವನ ಜತೆ ಬಾಳುವುದು ಹೇಗೆ?

ಅವನು ಇಳಿದ. ಸ್ಪೀಕರಿನಲ್ಲಿ ಅವನ ಉಸಿರು ತುಂಬಿಕೊಂಡಿತು.

"ತಳ ಮುಟ್ಟಿದೆ. ಬಾಗಿಲಿನ ಬಳೆ ಸಿಕ್ತು. ಕೊಂಡಿ ಹಾಕಿದೆ. ಕೊಂಡಿಯ ಬೀಗ ತಿರುಗಿಸಿದೆ. ಎತ್ತಿ."

ಸ್ಪಷ್ಟವಾದ ದನಿ. ಚಿಕ್ಕಪ್ಪನ ಕೈ ಹಿಡಿಕೆಗೆ ಹೋಯಿತು. ಅವನ ಹೆಲ್ಮೆಟ್ಟಿನ ಕ್ಯಾಮೆರಾ ತೋರಿಸುವ ಪರದೆಯ ಮೇಲೆ ಕೆಸರು ಮೆಲ್ಲಗೆ ಸರಿಯಿತು. ಕೊಂಡಿಯ ಬಾಯಲ್ಲಿ ಬಾಗಿಲಿನ ಬಳೆ ಇರಲಿಲ್ಲ. ಹಳದಿ ಪೈಪಿತ್ತು. ಅವನಿಗೆ ಉಸಿರು ಕೊಡುವ ಪೈಪು.

"ಚಿಕ್ಕಪ್ಪ, ಕೈ ತೆಗೀರಿ!"

"ಏನಾಯ್ತೇ?" ಕೆಳಗಿನಿಂದ ದನಿ.

"ಕೊಂಡೀನ ನಿನ್ನ ಪೈಪಿಗೇ ಹಾಕಿದೀಯ."

"ಛೇ, ಬಳೆಗೇ ಹಾಕಿರೋದು. ನಿನ್ನ ಕ್ಯಾಮೆರಾಗೆ ಪೊರೆ ಬಂದಿದೆ. ಕುಡಿದವನ ಥರ ಮಾತಾಡ್ತಿದೀನಾ ನಾನು? ಬೇಕಾದ್ರೆ ಇಪ್ಪತ್ತರಿಂದ ಹಿಂದಕ್ಕೆ ಎಣಿಸ್ತೀನಿ, ಕೇಳು."

ಒಂದೂ ತಪ್ಪದೆ ಎಣಿಸಿದ. ಅಷ್ಟು ಸರಿಯಾಗಿ ಎಣಿಸುವವನಿಗೆ ಕೈಯಲ್ಲಿರುವ ತಪ್ಪು ಕಾಣುತ್ತಿಲ್ಲ ಎಂಬುದೇ ಅವಳನ್ನು ಹೆದರಿಸಿತು.

ಗದರಿದರೆ ಹಟ ಹಿಡಿಯುತ್ತಾನೆ. ಅವಳು ದನಿ ತಗ್ಗಿಸಿದಳು.

"ಜಾಣ. ಈಗ ನನಗೋಸ್ಕರ ಒಂದು ಕೆಲಸ ಮಾಡು. ಹೆಗಲ ಹತ್ರ ಪೈಪ್ ಹಿಡ್ಕೋ. ಕೈ ಬಿಡದೆ ಹಾಗೇ ಸವರ್ತಾ ಹೋಗು."

"ನಿನ್ನ ಜಡೆ ಆಗಿದ್ರೆ ಇನ್ನೂ..."

"ಸವರು ಅಂದೆ."

ಚಿಕ್ಕಪ್ಪ ಆಕಾಶ ನೋಡಿದರು.

"ಹಾಂ, ಕೊಂಡಿ ಸಿಕ್ತು."

"ಕೈಯಲ್ಲಿರೋ ಪೈಪು ಯಾರದು?"

ಉಸಿರು. ಮತ್ತೆ ಉಸಿರು.

"...ನನ್ನದು."

"ಬೀಗ ಎಡಕ್ಕೆ ತಿರುಗಿಸು. ನಿಧಾನ. ನಾನು ಇಲ್ಲೇ ಇದೀನಿ."

ಕೈಗವಸಿನ ಬೆರಳು ಒಮ್ಮೆ ಜಾರಿತು. ಇನ್ನೊಮ್ಮೆ ಜಾರಿತು. ಕೊನೆಗೆ ಕೊಂಡಿ ಕಳಚಿ ಕೆಸರಿಗೆ ಬಿತ್ತು.

ಹನ್ನೆರಡು ಮೀಟರಿಗೆ ಹತ್ತಿಸಿ ನಿಲ್ಲಿಸಿದಳು. ದೇಹದೊಳಗಿನ ನೈಟ್ರೋಜನ್ ಇಳಿಯಲು ಅಲ್ಲಿ ಕಾಯಬೇಕು. ಅಮಲು ಮಾತ್ರ ಆಗಲೇ ಇಳಿದಿತ್ತು. ಅವನ ದನಿಯಲ್ಲಿ ಈಗ ಹೆದರಿಕೆಯಿತ್ತು.

"ತಲೆ ತಿಳಿಯಾಗೇ ಇತ್ತು ಕಣೇ. ನಿನ್ನಾಣೆ."

"ಅದೇ ಮೋಸ. ಹೊಸಬರಿಗೆ ಅಮಲೇರಿದ್ದು ಗೊತ್ತಾಗುತ್ತೆ, ಹೆದರ್ತಾರೆ. ನಿನಗೂ ಅಷ್ಟೇ ಏರುತ್ತೆ. ಹೆದರಿಕೆ ಮಾತ್ರ ಹೋಗಿದೆ. ಅದನ್ನೇ ಅಭ್ಯಾಸ ಅಂದ್ಕೊಂಡಿದೀಯ."

ಅವನು ಹಗ್ಗಕ್ಕೆ ಕೈ ಸುತ್ತಿಕೊಂಡದ್ದು ಪರದೆಯಲ್ಲಿ ಕಂಡಿತು.

"ನಿನ್ನೆ ಕೇಳಿದ್ದನ್ನ ವಾಪಸ್ ತಗೊಳ್ತೀನಿ," ಎಂದ. "ನನ್ನ ತಲೇನ ನಾನೇ ನಂಬೋ ಹಾಗಿಲ್ಲ. ನೀನು ಹೇಗೆ ನಂಬ್ತೀಯ?"

ಅವಳ ಕಣ್ಣು ತುಂಬಿತು. "ಈ ಒಂದು ಮಾತಿಗೇ ಕಾಯ್ತಿದ್ದೆ ಕಣೋ. ಹೀಲಿಯಂ ಬರೋವರೆಗೆ ಕಾಯ್ತೀಯಾ?"

"ಕಾಯ್ತೀನಿ. ಆದ್ರೆ ಅದನ್ನ ಎಳ್ಕೊಂಡ್ರೆ ಬಾತುಕೋಳಿ ದನಿ ಬರುತ್ತೆ. ನೀನು ನಗಬಾರದು."

"ನಗ್ತೀನಿ. ಬದುಕಿರೋವರೆಗೂ ನಿನ್ನ ಪಕ್ಕದಲ್ಲೇ ಕೂತು ನಗ್ತೀನಿ."

"ಅಂದ್ರೆ... ಹೂಂ ಅಂತಾನಾ?"

"ಹೂಂ."

ಸ್ಪೀಕರಿನಲ್ಲಿ ಉಸಿರಿನ ಲಯ ತಪ್ಪಿತು. ಚಿಕ್ಕಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡು, "ನಾನೇನೂ ಕೇಳಿಸ್ಕೊಂಡಿಲ್ಲಮ್ಮ," ಎಂದರು.

"ಈಗಲೇ ಮೇಲೆ ಬರಲಾ?"

"ಬೇಡ," ಎಂದಳು ಅವಳು, ಮೈಕನ್ನು ಕೆನ್ನೆಗೊತ್ತಿಕೊಂಡು. "ನಿಧಾನವಾಗಿ ಬಾ."