ಮೂರನೇ ಚಕ್ರದ ಮೇಲಿನ ಆರೋಪ

"ನಿಮ್ಮ ಚಕ್ರ ಕೆಟ್ಟಿದೆ!"

ನಿಯಂತ್ರಣ ಕೊಠಡಿಯಲ್ಲಿ ಹನ್ನೆರಡು ಜನರ ಮುಂದೆ ಅವಳು ಹೇಳಿಯೇಬಿಟ್ಟಳು. ಉಪಗ್ರಹಗಳಿಗೆ ಬಂದ ರೋಗ ಹಿಡಿಯುವುದೇ ಅವಳ ಕೆಲಸ. ಎಲ್ಲರ ಬಾಯಲ್ಲಿ ಅವಳು 'ಡಾಕ್ಟರಮ್ಮ'.

ಎದುರಿಗಿದ್ದವನು ಆ ಚಕ್ರ ತಯಾರಿಸಿದ ಎಂಜಿನಿಯರ್. ಮೂರು ವರ್ಷ ಬರೀ ವರದಿಗಳಲ್ಲಿ ಪರಿಚಯ; ಮುಖ ನೋಡಿದ್ದು ಇವತ್ತೇ.

"ಕೆಟ್ಟಿಲ್ಲ," ಎಂದ, ಮೆಲ್ಲಗೆ.

"ಹೆತ್ತವರಿಗೆ ಹೆಗ್ಗಣ ಮುದ್ದು!"

ಯಾರೋ ಕಿಸಕ್ಕೆಂದರು. ಅವನ ಮುಖ ಕೆಂಪೇರಿತು.

ಛೇ... ಅಷ್ಟು ಹರಿತವಾಗಿ ಅನ್ನಬಾರದಿತ್ತು!

ಮೇಲೆ ಉಪಗ್ರಹ ಬೆಳಗಿನಿಂದ ಓಲಾಡುತ್ತಿದೆ ಎಂದು ಪರದೆಯ ಗೆರೆ ತೋರಿಸುತ್ತಿತ್ತು. ಒಳಗೆ ಗಿರಗಿರನೆ ಸುತ್ತುವ ನಾಲ್ಕು ಚಕ್ರಗಳೇ ಅದನ್ನು ಬೇಕಾದ ಕಡೆ ಮುಖ ಮಾಡಿಸಬೇಕು. ಮೂರನೆಯದು ವಿಪರೀತ ಕಾದಿತ್ತು. ಹೀಗೇ ಬಿಟ್ಟರೆ ಸಂಜೆಯೊಳಗೆ ಸೌರಫಲಕ ಸೂರ್ಯನಿಗೆ ಬೆನ್ನು ಹಾಕುತ್ತದೆ, ಬ್ಯಾಟರಿ ಬರಿದಾಗುತ್ತದೆ. ಆರು ವರ್ಷದ ದುಡಿಮೆ ನೀರಲ್ಲಿ ಹೋಮ!

ಅವಳ ಮಾತಿನ ಮೇಲೆ ಆ ಚಕ್ರ ನಿಲ್ಲಿಸಲು ಆದೇಶವೂ ಆಗಿತ್ತು. ಆದರೆ ಅವನು ಕೇಂದ್ರದ ಮುಖ್ಯಸ್ಥೆಯ ಕೋಣೆಗೆ ಹೋಗಿ ಬಂದದ್ದೇ ತಡ, ಆದೇಶ ಬದಲಾಯಿತು.

"ಚಕ್ರ ಈಗಲೇ ನಿಲ್ಲಿಸೋದು ಬೇಡ. ಎರಡು ಗಂಟೆ ನೋಡೋಣ," ಎಂದರು ಮುಖ್ಯಸ್ಥೆ.

ನನ್ನ ಬೆನ್ನ ಹಿಂದೆ ಚಾಡಿ ಹೇಳಿದನಾ?!

ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಕಾರಿಡಾರಿನಲ್ಲಿ ಶತಪಥ ಹಾಕುತ್ತಲೇ ಅಕ್ಕನಿಗೆ ಫೋನ್ ಮಾಡಿ ಎಲ್ಲವನ್ನೂ ಒದರಿದಳು.

"ಒಂದು ಕೇಳ್ತೀನಿ," ಎಂದಳು ಅಕ್ಕ. "ನಿಂಗೆ ಸಿಟ್ಟು ಬಂದಿರೋದು ಅವನ ಮೇಲಾ? ಇಲ್ಲ, ಅವನು ಹೇಳಿದ್ದೇ ಸರಿ ಇರಬಹುದು ಅಂತಲಾ?"

ಅವಳು ಫೋನ್ ಕಟ್ ಮಾಡಿದಳು. ಆದರೂ ಆ ಮಾತು ಮುಳ್ಳಿನಂತೆ ಚುಚ್ಚುತ್ತಲೇ ಇತ್ತು...

ಮತ್ತೆ ಕೂತಳು. ತಿರುಗುವಿಕೆ ಅಳೆಯುವ ಗೈರೊದ ಅಂಕಿಗಳನ್ನು ನಕ್ಷತ್ರ ನೋಡುವ ಕ್ಯಾಮೆರಾದ ಅಂಕಿಗಳ ಪಕ್ಕದಲ್ಲಿಟ್ಟಳು. 'ಬಲಕ್ಕೆ ತಿರುಗಿದೆ' ಎನ್ನುತ್ತಿತ್ತು ಗೈರೊ. ಅದೇ ಕ್ಷಣದಲ್ಲಿ ನಕ್ಷತ್ರಗಳು ಕದಲಿರಲೇ ಇಲ್ಲ!



ಸುಳ್ಳು ಹೇಳುತ್ತಿದ್ದುದು ಗೈರೊ. ಅದರ ಮಾತು ನಂಬಿ, ಇಲ್ಲದ ಓಲಾಟ ಸರಿಪಡಿಸಲು ಹೋಗಿ, ಪಾಪದ ಚಕ್ರ ಸುಸ್ತಾಗಿತ್ತು. ಅದನ್ನೇ ನಿಲ್ಲಿಸಿಬಿಟ್ಟಿದ್ದರೆ...?

"ತಪ್ಪು ನನ್ನದು," ಅವಳು ಎಲ್ಲರ ಮುಂದೆಯೇ ಹೇಳಿದಳು. "ಚಕ್ರ ಚೆನ್ನಾಗಿದೆ. ಬದಲಿ ಗೈರೊ ಚಾಲೂ ಮಾಡಿ."

ಆಜ್ಞೆ ಹೋಯಿತು. ಒಂದು ನಿಮಿಷ... ನಾಲ್ಕು... ಒಂಬತ್ತು. ಪರದೆಯ ಮೇಲಿನ ಗೆರೆ ನಿಧಾನವಾಗಿ ನೇರವಾಯಿತು. ಕೋಣೆಯಲ್ಲಿ ಚಪ್ಪಾಳೆ!

ಮುಖ್ಯಸ್ಥೆ ಪಕ್ಕಕ್ಕೆ ಬಂದು ಹೇಳಿದರು: "ಅವನು ನನ್ನ ಹತ್ರ ಏನಂದ ಗೊತ್ತಾ? 'ನನ್ನ ಮಾತು ನಂಬಬೇಡಿ, ಅವರಿಗೆ ಎರಡು ಗಂಟೆ ಕೊಡಿ. ಅವರೇ ಹಿಡೀತಾರೆ' ಅಂದ."

ಅವಳು ಅವನನ್ನು ಹುಡುಕಿಕೊಂಡು ಹೊರಬಂದಳು.

ಅವನು ಮೆಟ್ಟಿಲ ಬಳಿ ಒಬ್ಬನೇ ನಿಂತಿದ್ದ.

"ಅಷ್ಟೊಂದು ಅಂದೆ... ಆದ್ರೂ ನನ್ನ ಮೇಲೆ ಯಾಕೆ ನಂಬಿಕೆ?"

"ನಿಮ್ಮ ಒಂದೊಂದು ವರದೀನೂ ಎರಡೆರಡು ಸಲ ಓದಿದ್ದೀನಿ. ತಪ್ಪಾದಾಗ ಮೊದಲ ಸಾಲಲ್ಲೇ ಒಪ್ಕೊಳ್ಳೋರು ನೀವೊಬ್ರೇ." ಅವನು ತಲೆ ತಗ್ಗಿಸಿದ. "ಎರಡನೇ ಸಲ ಓದೋಕೆ ಕೆಲಸ ಕಾರಣ ಅಲ್ಲ..."



"ನಾನು ಜಗಳಗಂಟಿ," ಎಂದಳು.

"ಗೊತ್ತು."

"ನಾಳೆನೂ ಜಗಳ ಆಡ್ತೀನಿ."

"ಆಡಿ. ಆದ್ರೆ ಅಷ್ಟು ದೂರ ನಿಂತಲ್ಲ... ಪಕ್ಕದಲ್ಲಿ ಕೂತು."

ಅವಳು ಮೆಟ್ಟಿಲ ಮೇಲೆ ಕೂತು, ಸ್ವಲ್ಪ ಸರಿದು ಜಾಗ ಬಿಟ್ಟಳು.